ಜೀವಾವಧಿ ಎಂದರೆ ಎಷ್ಟು ವರ್ಷ?

ಕೊಲೆ ಪ್ರಕರಣವೊಂದರ ತೀರ್ಪು ಪತ್ರಿಕೆಯಲ್ಲಿ ಬಂದ ದಿನ ನಮ್ಮ ಊರುಗಳ ಹೋಟೆಲು, ಬಸ್ ನಿಲ್ದಾಣಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. 'ಜೀವಾವಧಿಯಂತೆ' ಎಂದು ಒಬ್ಬರು ಹೇಳಿದರೆ, 'ಹಾಗಾದರೆ ಹದಿನಾಲ್ಕು ವರ್ಷ. ಸನ್ನಡತೆ ಇದ್ದರೆ ಬೇಗ ಬಿಡುಗಡೆ' ಎಂದು ಪಕ್ಕದಲ್ಲಿದ್ದವರು ಲೆಕ್ಕ ಹಾಕಿಬಿಡುತ್ತಾರೆ. ಶ್ರೀರಾಮನ ವನವಾಸದಂತೆ ಜೀವಾವಧಿಗೂ ಹದಿನಾಲ್ಕು ವರ್ಷದ ಗಡಿಯಿದೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ವಿದ್ಯಾವಂತರೂ ಇದನ್ನೇ ಹೇಳುತ್ತಾರೆ. ಕೊಲೆಯಾದವರ ಮನೆಯವರೂ ಇದನ್ನೇ ನಂಬಿ ನಿಟ್ಟುಸಿರು ಬಿಡುತ್ತಾರೆ.

ಆದರೆ ಕಾನೂನಿನ ಪುಸ್ತಕದಲ್ಲಿ ಹಾಗೆ ಎಲ್ಲಿಯೂ ಬರೆದಿಲ್ಲ. ಜೀವಾವಧಿ ಎಂದರೆ ಅಪರಾಧಿಯ ಉಸಿರಿರುವವರೆಗೆ ಎಂದೇ ಅರ್ಥ. ಪುಸ್ತಕದ ಈ ಅರ್ಥಕ್ಕೂ ಜೈಲಿನ ಬಾಗಿಲಲ್ಲಿ ನಡೆಯುವ ಲೆಕ್ಕಕ್ಕೂ ನಡುವಿನ ಅಂತರ ದೇಶದ ಮುಂದೆ ಪ್ರಶ್ನೆಯಾಗಿ ನಿಂತದ್ದು ನಮ್ಮ ಬೆಂಗಳೂರಿನ ಒಂದು ಕೊಲೆಯಿಂದ. ಆ ಪ್ರಕರಣವನ್ನೂ, ಅದರ ಹಿಂದೆ ಮುಂದೆ ಇರುವ ಶಿಕ್ಷೆ ಮತ್ತು ಕ್ಷಮೆಯ ಚರಿತ್ರೆಯನ್ನೂ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ರಿಚ್ಮಂಡ್ ರಸ್ತೆಯ ಮನೆ

ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರು ಕೇಳದ ಕನ್ನಡಿಗರು ಕಡಿಮೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು ಬೆಂಗಳೂರು ಮತ್ತು ಮೈಸೂರು ನಗರಗಳ ಅಂದಕ್ಕೆ, ಸಂಸ್ಥಾನದ ಕೈಗಾರಿಕೆಗಳಿಗೆ ದುಡಿದವರು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನ ಇಂದಿಗೂ ಅವರನ್ನು ನೆನಪಿಸುತ್ತದೆ. ಆ ಮಿರ್ಜಾ ಅವರ ಮೊಮ್ಮಗಳು ಶಾಕೆರೆ ಖಲೀಲಿ.

ಶಾಕೆರೆ ಅವರ ಮೊದಲ ಮದುವೆ ಭಾರತೀಯ ವಿದೇಶಾಂಗ ಸೇವೆಯ ಅಧಿಕಾರಿಯೊಬ್ಬರೊಂದಿಗೆ ಆಗಿತ್ತು. ನಾಲ್ವರು ಹೆಣ್ಣುಮಕ್ಕಳಿದ್ದರು. ಹಿರಿಯರಿಂದ ಬಂದ ಬೆಲೆಬಾಳುವ ಆಸ್ತಿ ಅವರ ಹೆಸರಿನಲ್ಲಿತ್ತು. 1983ರಲ್ಲಿ ದೆಹಲಿಯಲ್ಲಿ ಸ್ವಾಮಿ ಶ್ರದ್ಧಾನಂದ ಎಂದು ಹೇಳಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರಾ ಎಂಬಾತನ ಪರಿಚಯವಾಯಿತು. ಭೂಮಿ ಮತ್ತು ಆಸ್ತಿಯ ತಕರಾರುಗಳನ್ನು ಬಿಡಿಸಿಕೊಡುವುದರಲ್ಲಿ ಆತ ನಿಪುಣ ಎಂಬ ಭಾವನೆ ಮೂಡಿತ್ತು. ಆಸ್ತಿಯ ವ್ಯವಹಾರ ನೋಡಿಕೊಳ್ಳಲು ಬೆಂಗಳೂರಿಗೆ ಬಂದವನು ಕ್ರಮೇಣ ಆ ಮನೆಯವನೇ ಆದ. 1985ರಲ್ಲಿ ಶಾಕೆರೆ ಅವರ ವಿಚ್ಛೇದನವಾಯಿತು. 1986ರ ಏಪ್ರಿಲ್‌ನಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಇಬ್ಬರೂ ಮದುವೆಯಾಗಿ ರಿಚ್ಮಂಡ್ ರಸ್ತೆಯ ಮನೆಯಲ್ಲಿ ನೆಲೆಸಿದರು. ಶಾಕೆರೆ ಆತನಿಗೆ ಮುಖ್ತಿಯಾರು ಪತ್ರ ಬರೆದುಕೊಟ್ಟರು. ಉಯಿಲೂ ಆತನ ಹೆಸರಿಗೆ ಆಯಿತು. ಬ್ಯಾಂಕಿನ ಖಾತೆಗಳು ಜಂಟಿಯಾದವು.

ಈ ಮದುವೆಯ ಬಗ್ಗೆ ಆಗಲೂ ಈಗಲೂ ಬಗೆಬಗೆಯ ಮಾತುಗಳಿವೆ. ನಾವು ಅದರೊಳಗೆ ಹೋಗುವುದಿಲ್ಲ. ವಯಸ್ಸಿಗೆ ಬಂದ ಹೆಣ್ಣುಮಗಳೊಬ್ಬಳು ತನ್ನ ಬಾಳಿನ ಬಗ್ಗೆ ತೆಗೆದುಕೊಂಡ ನಿರ್ಧಾರ ಸರಿಯೋ ತಪ್ಪೋ ಎಂಬುದು ಆಕೆಯ ಕೊಲೆಯ ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಆದರೆ ಕೊಲೆಯಾದವರು ಹೆಣ್ಣಾದರೆ ನಮ್ಮ ಸಮಾಜ ಮೊದಲು ಕೇಳುವುದು ಅದನ್ನೇ.

1991ರ ಮೇ ತಿಂಗಳ ಕೊನೆಯ ವಾರದಿಂದ ಶಾಕೆರೆ ಯಾರ ಕಣ್ಣಿಗೂ ಬೀಳಲಿಲ್ಲ. ತಾಯಿಯೊಂದಿಗೆ ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದ ಒಬ್ಬ ಮಗಳಿಗೆ ಮೊದಲು ಸಂಶಯ ಬಂತು. ಕೇಳಿದಾಗಲೆಲ್ಲ ಶ್ರದ್ಧಾನಂದನಿಂದ ಒಂದೊಂದು ಉತ್ತರ. ಒಮ್ಮೆ ಯಾವುದೋ ಊರಿಗೆ ಹೋಗಿದ್ದಾರೆ ಎಂದ. ಮತ್ತೊಮ್ಮೆ ಅಮೆರಿಕದ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿದ್ದಾರೆ ಎಂದ. ಮಗಳು ಆ ಆಸ್ಪತ್ರೆಯಲ್ಲಿ ವಿಚಾರಿಸಿದಾಗ ಅಂಥ ಹೆಸರಿನವರು ಯಾರೂ ದಾಖಲಾಗಿಲ್ಲ ಎಂದು ತಿಳಿಯಿತು. ಮುಂದೆ ಮುಂಬಯಿಯಲ್ಲಿ ಆತ ತಂಗಿದ್ದ ಹೋಟೆಲಿನ ಕೋಣೆಯಲ್ಲಿ ಆಕೆಗೆ ತಾಯಿಯ ಪಾಸ್‌ಪೋರ್ಟ್ ಸಿಕ್ಕಿತು. ಪಾಸ್‌ಪೋರ್ಟ್ ಇಲ್ಲಿರುವಾಗ ತಾಯಿ ಅಮೆರಿಕಕ್ಕೆ ಹೋದದ್ದು ಹೇಗೆ? 1992ರ ಜೂನ್‌ನಲ್ಲಿ ಆ ಮಗಳು ಬೆಂಗಳೂರಿನ ಅಶೋಕನಗರ ಪೊಲೀಸ್ ಠಾಣೆಗೆ ಬಂದು, ತಾಯಿ ಕಾಣೆಯಾಗಿದ್ದಾರೆ ಎಂದು ದೂರು ಕೊಟ್ಟಳು.

ದೂರಿನ ತನಿಖೆ ಎರಡು ವರ್ಷದ ಹತ್ತಿರ ಮುಂದೆ ಹೋಗಲೇ ಇಲ್ಲ. ಪ್ರಕರಣ ಕೇಂದ್ರ ಅಪರಾಧ ದಳದ ಕೈಗೆ ಬಂದ ಮೇಲೆ 1994ರ ಮಾರ್ಚ್ ಕೊನೆಯಲ್ಲಿ ಶ್ರದ್ಧಾನಂದನ ಬಂಧನವಾಯಿತು. ಮಾರ್ಚ್ 30ರಂದು ದಂಡಾಧಿಕಾರಿಯ ಸಮ್ಮುಖದಲ್ಲಿ ಮನೆಯ ಹಿತ್ತಿಲನ್ನು ಅಗೆಯಲಾಯಿತು. ಮೇಲೆ ಹಾಸಿದ್ದ ಕಲ್ಲುಗಳನ್ನು ಎತ್ತಿ, ಮಣ್ಣು ತೆಗೆದಾಗ ದೊಡ್ಡದೊಂದು ಮರದ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಅಸ್ಥಿಪಂಜರವಿತ್ತು. ಅಷ್ಟು ಕಾಲವೂ ಆತ ಅದೇ ಮನೆಯಲ್ಲಿ ವಾಸವಾಗಿದ್ದ. ಹೆಂಡತಿ ಬದುಕಿದ್ದಾಳೆ ಎಂಬಂತೆ ಮುಖ್ತಿಯಾರು ಪತ್ರ ತೋರಿಸಿ ಆಕೆಯ ನಿವೇಶನಗಳನ್ನು ಮಾರುತ್ತಿದ್ದ.

ಕಂಡವರಿಲ್ಲದ ಕೊಲೆಯ ಸಾಕ್ಷ್ಯ

ಈ ಕೊಲೆಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆರೋಪಿ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಒಪ್ಪುವಂತಿಲ್ಲ. ಠಾಣೆಯ ಗೋಡೆಗಳ ನಡುವೆ ಹೊಡೆದು ಬಡಿದು ಏನನ್ನು ಬೇಕಾದರೂ ಹೇಳಿಸಬಹುದು ಎಂಬ ಅರಿವಿನಿಂದಲೇ 1872ರ ಸಾಕ್ಷ್ಯ ಕಾಯ್ದೆ ಈ ತಡೆ ಹಾಕಿತ್ತು. ಅದರ ಜಾಗಕ್ಕೆ 2024ರ ಜುಲೈ 1ರಂದು ಬಂದ ಹೊಸ ಕಾಯ್ದೆಯಲ್ಲೂ ಈ ತಡೆ ಉಳಿದಿದೆ. ಅಮಾಯಕರನ್ನು ಹಿಡಿದು ತಂದು ಒಪ್ಪಿಸುವ ಪ್ರಕರಣಗಳನ್ನು ಕಂಡಿರುವ ನಾವು ಈ ತಡೆಯ ಬೆಲೆಯನ್ನು ಚೆನ್ನಾಗಿ ಬಲ್ಲೆವು.

ಆದರೆ ಇದಕ್ಕೆ ಒಂದು ವಿನಾಯಿತಿ ಇದೆ. ಆರೋಪಿ ಹೇಳಿದ ಮಾತಿನಿಂದ ಯಾವುದಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಪಟ್ಟಷ್ಟು ಮಾತನ್ನು ಮಾತ್ರ ನ್ಯಾಯಾಲಯ ಗಮನಿಸಬಹುದು. 'ಕೊಂದೆ' ಎಂಬ ಮಾತಿಗೆ ಬೆಲೆಯಿಲ್ಲ. 'ಇಂಥ ಕಡೆ ಹೂತಿದ್ದೇನೆ' ಎಂಬ ಮಾತಿಗೆ, ಅಲ್ಲಿ ಅಗೆದಾಗ ಶವ ಸಿಕ್ಕರೆ, ಬೆಲೆಯಿದೆ. ಏಕೆಂದರೆ ಆ ಜಾಗ ಆತನಿಗೆ ಗೊತ್ತಿತ್ತು ಎಂಬುದು ಅದರಿಂದ ಸಿದ್ಧವಾಗುತ್ತದೆ. ಇಲ್ಲಿ ನಡೆದದ್ದು ಅದೇ.

ಉಳಿದದ್ದು ಸಾಂದರ್ಭಿಕ ಸಾಕ್ಷ್ಯದ ಸರಪಣಿ. ಪೆಟ್ಟಿಗೆ ಮಾಡಿಸಿದ್ದು, ಹಿತ್ತಿಲಲ್ಲಿ ಗುಂಡಿ ತೋಡಿಸಿದ್ದು, ಮೇಲೆ ಕಲ್ಲು ಹಾಸಿಸಿದ್ದು, ಮಗಳಿಗೆ ಹೇಳಿದ ಒಂದಕ್ಕೊಂದು ಹೊಂದದ ಸುಳ್ಳುಗಳು, ಸತ್ತವಳ ಹೆಸರಿನಲ್ಲಿ ನಡೆದ ಮಾರಾಟಗಳು, ಇವೆಲ್ಲ ಒಂದೊಂದು ಕೊಂಡಿ. ಶವದ ಮೇಲಿದ್ದ ಬಟ್ಟೆ ಮತ್ತು ಒಡವೆಗಳನ್ನು ಹತ್ತಿರದವರು ಗುರುತಿಸಿದರು. ಎಲುಬುಗಳು ಶಾಕೆರೆ ಅವರದೇ ಎಂಬುದನ್ನು ಡಿಎನ್ಎ ಪರೀಕ್ಷೆ ಖಚಿತಪಡಿಸಿತು. ಶವ ತೆಗೆಯುವುದನ್ನು ವಿಡಿಯೋದಲ್ಲಿ ಚಿತ್ರೀಕರಿಸಲಾಗಿತ್ತು. ನಿದ್ದೆಯ ಔಷಧಿ ಕೊಟ್ಟು ಪೆಟ್ಟಿಗೆಯೊಳಗಿಟ್ಟು ಹೂತಿದ್ದಾನೆ ಎಂಬುದು ಸರ್ಕಾರದ ಪರ ವಕೀಲರ ವಾದವಾಗಿತ್ತು. ಆರೋಪ ಸಾಬೀತಾಗಿದೆ ಎಂಬುದರಲ್ಲಿ ಕೆಳಗಿನಿಂದ ಮೇಲಿನವರೆಗೆ ಯಾವ ನ್ಯಾಯಾಲಯಕ್ಕೂ ಸಂಶಯ ಉಳಿಯಲಿಲ್ಲ.

ಸಂಶಯ ಹುಟ್ಟಿದ್ದು ಶಿಕ್ಷೆಯ ಬಗ್ಗೆ. ಬೆಂಗಳೂರಿನ ಸೆಷನ್ಸ್ ನ್ಯಾಯಾಲಯ 2005ರ ಮೇ ತಿಂಗಳಲ್ಲಿ, ಅಂದರೆ ಬಂಧನವಾಗಿ 11 ವರ್ಷಗಳ ಮೇಲೆ, ಮರಣದಂಡನೆ ವಿಧಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಸ್ಥಿರೀಕರಿಸಿತು. ಸುಪ್ರೀಂ ಕೋರ್ಟಿನಲ್ಲಿ 2007ರ ಮೇ 18ರಂದು ಇಬ್ಬರು ನ್ಯಾಯಮೂರ್ತಿಗಳು ಎರಡು ಅಭಿಪ್ರಾಯ ಕೊಟ್ಟರು. ನ್ಯಾಯಮೂರ್ತಿ ಎಸ್.ಬಿ. ಸಿನ್ಹಾ ಜೀವಾವಧಿ ಸಾಕು ಎಂದರು. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಗಲ್ಲೇ ಸರಿ ಎಂದರು. ಒಂದೇ ಕಡತ, ಒಂದೇ ಸಾಕ್ಷ್ಯ, ಒಂದೇ ಕಾನೂನು. ಒಬ್ಬರ ಲೇಖನಿಯಲ್ಲಿ ಆತ ಬದುಕಿದ, ಇನ್ನೊಬ್ಬರ ಲೇಖನಿಯಲ್ಲಿ ಸತ್ತ. ಪ್ರಕರಣ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು.

ಆ ಪೀಠ ಏನು ಮಾಡಿತು ಎಂಬುದನ್ನು ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕ್ಷಮೆಯ ಹಕ್ಕು ಯಾರದು?

ಕೊಲೆಗೆ ಶಿಕ್ಷೆ ಕೊಡುವವರು ಯಾರು, ಕ್ಷಮಿಸುವವರು ಯಾರು ಎಂಬ ಪ್ರಶ್ನೆಗೆ ಈ ದೇಶದಲ್ಲಿ ಉತ್ತರ ಬದಲಾಗುತ್ತ ಬಂದಿದೆ. ಮೊಗಲರ ಕಾಲದಿಂದ ಬಂಗಾಳದ ಫೌಜ್ದಾರಿ ನ್ಯಾಯಾಲಯಗಳಲ್ಲಿ ಇಸ್ಲಾಮೀ ದಂಡಕಾನೂನು ಜಾರಿಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪೆನಿ ಆಡಳಿತ ಹಿಡಿದ ಮೇಲೂ ಅದನ್ನೇ ಮುಂದುವರಿಸಿತು. ಆ ಕಾನೂನಿನಲ್ಲಿ ಕೊಲೆ ಮೊದಲಿಗೆ ಸತ್ತವನ ವಾರಸುದಾರರಿಗೆ ಆದ ಅನ್ಯಾಯ. ಅವರು ಕಿಸಾಸ್, ಅಂದರೆ ಜೀವಕ್ಕೆ ಜೀವ, ಕೇಳಬಹುದಿತ್ತು. ದಿಯತ್ ಎಂಬ ಪರಿಹಾರಧನ ಪಡೆದು ಬಿಡಬಹುದಿತ್ತು. ಏನನ್ನೂ ಪಡೆಯದೆ ಕ್ಷಮಿಸಲೂ ಬಹುದಿತ್ತು.

ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1790ರ ದಶಕದ ಆರಂಭದಲ್ಲಿ ಇದನ್ನು ಬದಲಾಯಿಸಿದ. ವಾರಸುದಾರರು ಕ್ಷಮಿಸಿದರೂ ಕೊಲೆಗಾರನಿಗೆ ಶಿಕ್ಷೆ ತಪ್ಪಬಾರದು ಎಂದು ನಿಯಮ ಮಾಡಿದ. ಬಲಾಢ್ಯರು ಬಡ ವಾರಸುದಾರರನ್ನು ಹೆದರಿಸಿಯೋ ಹಣ ಕೊಟ್ಟೋ ತಪ್ಪಿಸಿಕೊಳ್ಳುತ್ತಾರೆ ಎಂಬುದು ಕಾರಣ. ಆ ಕಾರಣದಲ್ಲಿ ಹುರುಳಿಲ್ಲದಿಲ್ಲ. 1802ರಲ್ಲಿ ಬಂಗಾಳದ ಮಾದರಿಯಲ್ಲೇ ಮದ್ರಾಸಿನಲ್ಲಿ ಫೌಜ್ದಾರಿ ಅದಾಲತ್ ಏರ್ಪಟ್ಟಿತು. ಮದ್ರಾಸಿನ ಆಳ್ವಿಕೆಗೆ ಸೇರಿದ್ದ ಕೆನರಾ ಜಿಲ್ಲೆ, ಅಂದರೆ ನಮ್ಮ ಕರಾವಳಿ, ಇದೇ ವ್ಯವಸ್ಥೆಯೊಳಗೆ ಬಂತು. 1862ರ ಜನವರಿ 1ರಂದು ಭಾರತೀಯ ದಂಡಸಂಹಿತೆ ಜಾರಿಗೆ ಬಂದಾಗ ಹಳೆಯ ಕಾನೂನು ಪೂರ್ತಿಯಾಗಿ ಸರಿಯಿತು. ಕೊಲೆ ಸರ್ಕಾರದ ವಿರುದ್ಧದ ಅಪರಾಧವಾಯಿತು. ಶಿಕ್ಷೆ ಸರ್ಕಾರದ್ದು, ಕ್ಷಮೆಯೂ ಸರ್ಕಾರದ್ದು. ಮನೆಯವರು ಸಾಕ್ಷಿಗಳಾಗಿ ಕಟಕಟೆಯ ಬಳಿ ನಿಂತರು.

ದಂಡಸಂಹಿತೆಯಲ್ಲಿ ಕೊಲೆಗೆ ಎರಡು ಶಿಕ್ಷೆಗಳಿದ್ದವು. ಒಂದು ಗಲ್ಲು. ಇನ್ನೊಂದು ಜೀವಾವಧಿ ಗಡೀಪಾರು. ನಮ್ಮ ಹಿರಿಯರು ಕರಿನೀರಿನ ಶಿಕ್ಷೆ ಎನ್ನುತ್ತಿದ್ದದ್ದು ಇದನ್ನೇ. ಸ್ವಾತಂತ್ರ್ಯಾನಂತರ 1955ರಲ್ಲಿ ಸಂಸತ್ತು ತಿದ್ದುಪಡಿ ಮಾಡಿ ಗಡೀಪಾರಿನ ಬದಲು ಜೀವಾವಧಿ ಸೆರೆವಾಸ ಎಂದು ಬರೆಯಿತು. ಅಲ್ಲಿಯವರೆಗೆ ಕೊಲೆಗಾರನಿಗೆ ಗಲ್ಲು ವಿಧಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. ಆ ನಿಯಮವೂ 1955ರಲ್ಲೇ ಹೋಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಇದನ್ನು ತಿರುವುಮುರುವು ಮಾಡಿತು. ಗಲ್ಲು ವಿಧಿಸುವುದಾದರೆ ವಿಶೇಷ ಕಾರಣ ಬರೆಯಬೇಕು ಎಂದಿತು. 1980ರ ಬಚ್ಚನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಮಾತ್ರ ಗಲ್ಲು ಎಂಬ ಸೂತ್ರ ಕೊಟ್ಟಿತು.

ಹೀಗೆ ಕೊಲೆಗೆ ಜೀವಾವಧಿಯೇ ಸಾಮಾನ್ಯ ಶಿಕ್ಷೆಯಾಯಿತು. ಆಗ ಅದರ ಉದ್ದ ಎಷ್ಟು ಎಂಬುದು ದೊಡ್ಡ ಪ್ರಶ್ನೆಯಾಗದೆ ಇರಲು ಸಾಧ್ಯವಿರಲಿಲ್ಲ.

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರಲ್ಲಿ ಗೋಪಾಲ್ ಗೋಡ್ಸೆ ಒಬ್ಬ. ಗಾಂಧೀಜಿಯವರ ಕೊಲೆ ಪ್ರಕರಣದಲ್ಲಿ ನಾಥೂರಾಮ್ ಗೋಡ್ಸೆ ಮತ್ತು ನಾರಾಯಣ ಆಪ್ಟೆಗೆ 1949ರ ನವೆಂಬರ್ 15ರಂದು ಗಲ್ಲಾಯಿತು. ನಾಥೂರಾಮನ ತಮ್ಮ ಗೋಪಾಲನಿಗೆ ಜೀವಾವಧಿ ಗಡೀಪಾರಿನ ಶಿಕ್ಷೆಯಾಗಿತ್ತು. ಜೈಲಿನಲ್ಲಿ ಕಳೆದ ವರ್ಷಗಳಿಗೆ ಸಿಕ್ಕಿದ ಮಾಫಿಯ ದಿನಗಳನ್ನು ಸೇರಿಸಿದರೆ 20 ವರ್ಷ ದಾಟುತ್ತದೆ, ಆದ್ದರಿಂದ ತನ್ನನ್ನು ಬಿಡಬೇಕು ಎಂದು ಆತ ವಾದಿಸಿದ. 1961ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಜೀವಾವಧಿ ಎಂದರೆ ಅಪರಾಧಿಯ ಉಳಿದ ಬಾಳೆಲ್ಲ. 20 ವರ್ಷದ ಲೆಕ್ಕ ಬೇರೆ ಉದ್ದೇಶಕ್ಕೆ ಇರುವುದು. ಮಾಫಿಯ ದಿನಗಳು ಎಷ್ಟೇ ಸೇರಿದರೂ ಸರ್ಕಾರ ಆದೇಶ ಮಾಡದೆ ಬಿಡುಗಡೆಯ ಹಕ್ಕು ಹುಟ್ಟುವುದಿಲ್ಲ. ಇದು ತೀರ್ಪಿನ ಸಾರ.

ಕಾನೂನಿನ ಅರ್ಥ ಅಂದೇ ಸ್ಪಷ್ಟವಾಗಿತ್ತು. ಆದರೆ ಮುಂದೇನಾಯಿತು? 1964ರ ಅಕ್ಟೋಬರ್‌ನಲ್ಲಿ ಸರ್ಕಾರವೇ ಗೋಪಾಲ್ ಗೋಡ್ಸೆಯನ್ನು ಬಿಡುಗಡೆ ಮಾಡಿತು. ಜೀವಾವಧಿ ಎಂದರೆ ಜೀವ ಇರುವವರೆಗೆ ಎಂಬ ತೀರ್ಪು ಯಾರ ಹೆಸರಿನಲ್ಲಿದೆಯೋ ಆತನೇ ಹದಿನೇಳು ವರ್ಷ ತುಂಬುವ ಮೊದಲು ಮನೆಗೆ ಹೋದ. ಆತನಿಗೆ ಪುಣೆಯಲ್ಲಿ ಸನ್ಮಾನದ ಸಭೆಯೂ ನಡೆದು, ಅದರಿಂದ ಎದ್ದ ಗದ್ದಲವೇ ಮುಂದೆ ಕಪೂರ್ ಆಯೋಗದ ನೇಮಕಕ್ಕೆ ದಾರಿಯಾಯಿತು.

ಹದಿನಾಲ್ಕರ ಲೆಕ್ಕ ಬಂದದ್ದು 1978ರಲ್ಲಿ. ಮಾಫಿಯ ಹೆಸರಿನಲ್ಲಿ ಕೊಲೆಗಾರರು ಬಹುಬೇಗ ಹೊರಬರುತ್ತಿದ್ದದ್ದನ್ನು ತಡೆಯಲು ಸಂಸತ್ತು ಸಂಹಿತೆಗೆ 433ಎ ಎಂಬ ಕಲಮು ಸೇರಿಸಿತು. ಗಲ್ಲು ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಪಡೆದವನನ್ನು 14 ವರ್ಷ ಜೈಲಿನಲ್ಲಿ ಕಳೆಯುವ ಮೊದಲು ಬಿಡಬಾರದು ಎಂಬುದು ಅದರ ಮಾತು. 14 ವರ್ಷಕ್ಕೆ ಬಿಡಬೇಕು ಎಂದು ಅದು ಹೇಳಲಿಲ್ಲ. ಆದರೆ ಅದಕ್ಕಿಂತ ಕಡಿಮೆ ಇರಬಾರದು ಎಂದು ಹಾಕಿದ ಗೆರೆ ಜನರ ಮನಸ್ಸಿನಲ್ಲೂ ಸರ್ಕಾರಿ ಕಡತಗಳಲ್ಲೂ ಅದಕ್ಕಿಂತ ಹೆಚ್ಚಿಲ್ಲ ಎಂದಾಯಿತು.

ಮೂರನೆಯ ದಾರಿ

2008ರ ಜುಲೈ 22ರಂದು ಶ್ರದ್ಧಾನಂದನ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ತೀರ್ಪು ಬಂತು. ಪೀಠದಲ್ಲಿ ಬಿ.ಎನ್. ಅಗರವಾಲ್, ಜಿ.ಎಸ್. ಸಿಂಘ್ವಿ ಮತ್ತು ಆಫ್ತಾಬ್ ಆಲಂ ಇದ್ದರು. ತೀರ್ಪು ಬರೆದವರು ನ್ಯಾಯಮೂರ್ತಿ ಆಫ್ತಾಬ್ ಆಲಂ.

ಅವರು ಮೊದಲು ಒಂದು ಕಹಿ ಸತ್ಯವನ್ನು ಒಪ್ಪಿಕೊಂಡರು. ಗಲ್ಲು ಖಾಯಂ ಆಗುವುದೂ ತಪ್ಪುವುದೂ ಪೀಠದಲ್ಲಿ ಕುಳಿತ ನ್ಯಾಯಾಧೀಶರ ವೈಯಕ್ತಿಕ ಒಲವಿನ ಮೇಲೆ ಬಹಳಷ್ಟು ನಿಂತಿದೆ ಎಂದರು. ಅಪರೂಪದಲ್ಲಿ ಅಪರೂಪ ಎಂಬ ಸೂತ್ರ ಎಲ್ಲ ಕಡೆ ಒಂದೇ ರೀತಿ ಅನ್ವಯವಾಗಿಲ್ಲ ಎಂಬುದನ್ನು ತೋರಿಸಿದರು. ಹಾಗಿರುವಾಗ ಒಬ್ಬನನ್ನು ಗಲ್ಲಿಗೇರಿಸಲು ಮನಸ್ಸು ಹಿಂಜರಿಯುತ್ತದೆ. ಆದರೆ ಗಲ್ಲು ತಪ್ಪಿಸಿ ಜೀವಾವಧಿ ಎಂದು ಬರೆದರೆ ಅದು ಆಚರಣೆಯಲ್ಲಿ 14 ವರ್ಷವಾಗಿಬಿಡುತ್ತದೆ. ಕರ್ನಾಟಕದ ಕಾರಾಗೃಹ ನಿಯಮಗಳನ್ನೂ ಪರಿಶೀಲಿಸಿದ ಪೀಠ, ಮಾಫಿ ಯಾಂತ್ರಿಕವಾಗಿ ಸಿಗುತ್ತಿರುವುದನ್ನು ಗಮನಿಸಿತು. ಗಲ್ಲಿಗೂ 14 ವರ್ಷಕ್ಕೂ ನಡುವೆ ಅಷ್ಟು ದೊಡ್ಡ ಕಂದರವಿದ್ದರೆ, 14 ವರ್ಷ ತೀರಾ ಕಡಿಮೆ ಎಂಬ ಒಂದೇ ಕಾರಣಕ್ಕೆ ನ್ಯಾಯಾಲಯ ಗಲ್ಲಿನ ಕಡೆ ವಾಲಬೇಕಾಗುತ್ತದೆ. ಅದು ಸರಿಯಲ್ಲ ಎಂದ ಪೀಠ ಆ ಕಂದರದ ನಡುವೆ ಒಂದು ದಾರಿ ಮಾಡಿತು. ಶ್ರದ್ಧಾನಂದನಿಗೆ ಗಲ್ಲು ಇಲ್ಲ. ಆದರೆ ಉಳಿದ ಬಾಳೆಲ್ಲ ಜೈಲಿನಲ್ಲೇ. ಸನ್ನಡತೆಯ ಲೆಕ್ಕದ ಬಿಡುಗಡೆ ಅವನಿಗಿಲ್ಲ.

ಈ ದಾರಿಯನ್ನು ಎಲ್ಲರೂ ಒಪ್ಪಲಿಲ್ಲ. ಶಾಸನದಲ್ಲಿ ಇಲ್ಲದ ಶಿಕ್ಷೆಯನ್ನು ನ್ಯಾಯಾಲಯ ಸೃಷ್ಟಿಸಬಹುದೇ ಎಂದು ಕೇಳಿದವರಿದ್ದರು. ಪ್ರಶ್ನೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂದದ್ದು ಇನ್ನೊಂದು ಕೊಲೆಯ ಮೂಲಕ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಮಾಜಿ ಪ್ರಧಾನಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಅದಾದ ಒಂದು ವಾರದಲ್ಲಿ ರಿಚ್ಮಂಡ್ ರಸ್ತೆಯ ಮನೆಯಲ್ಲಿ ಶಾಕೆರೆ ಅವರ ಕೊಲೆ. ದೇಶವೆಲ್ಲ ಶೋಕದಲ್ಲಿದ್ದ ಆ ದಿನಗಳಲ್ಲಿ ಬೆಂಗಳೂರಿನ ಒಬ್ಬ ಹೆಣ್ಣುಮಗಳು ಇಲ್ಲವಾದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಈ ಎರಡೂ ಪ್ರಕರಣಗಳು 24 ವರ್ಷಗಳ ಮೇಲೆ ಒಂದೇ ತೀರ್ಪಿನಲ್ಲಿ ಕೂಡಿದವು. ರಾಜೀವ್ ಹತ್ಯೆಯ ಅಪರಾಧಿಗಳನ್ನು ಬಿಡುಗಡೆ ಮಾಡಲು 2014ರಲ್ಲಿ ತಮಿಳುನಾಡು ಸರ್ಕಾರ ಮುಂದಾದಾಗ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2015ರ ಡಿಸೆಂಬರ್ 2ರಂದು ಸಂವಿಧಾನ ಪೀಠ ಮೂವರ ಬಹುಮತದಿಂದ ಶ್ರದ್ಧಾನಂದ ತೀರ್ಪಿನ ದಾರಿ ಸರಿ ಎಂದಿತು. ಅಂಥ ಶಿಕ್ಷೆ ವಿಧಿಸುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಇದೆ ಎಂದಿತು. ರಾಷ್ಟ್ರಪತಿ ಮತ್ತು ರಾಜ್ಯಪಾಲರ ಕ್ಷಮಾದಾನದ ಅಧಿಕಾರವನ್ನು ಯಾವ ನ್ಯಾಯಾಲಯವೂ ಕಿತ್ತುಕೊಳ್ಳಲಾರದು ಎಂದೂ ಹೇಳಿತು. ನ್ಯಾಯಮೂರ್ತಿಗಳಾದ ಯು.ಯು. ಲಲಿತ್ ಮತ್ತು ಎ.ಎಂ. ಸಪ್ರೆ ಇದಕ್ಕೆ ಒಪ್ಪದೆ ಬೇರೆ ತೀರ್ಪು ಬರೆದರು.

ಈ ದಾರಿಯಿಂದ ಗಲ್ಲಿನಿಂದ ಉಳಿದವರಿದ್ದಾರೆ. ಬೆಂಗಳೂರಿನಲ್ಲಿ 1998ರಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಯ ಅಪರಾಧಿ ಬಿ.ಎ. ಉಮೇಶ್, ಅಂದರೆ ಉಮೇಶ್ ರೆಡ್ಡಿ, ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ವರ್ಷಗಟ್ಟಲೆ ಒಂಟಿ ಸೆರೆಯಲ್ಲಿದ್ದ. ಅದು ಕಾನೂನಿಗೆ ವಿರುದ್ಧ ಎಂದ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಆತನ ಗಲ್ಲನ್ನು ತೆಗೆದು, ಕನಿಷ್ಠ 30 ವರ್ಷ ಕಳೆಯಲೇಬೇಕಾದ ಜೀವಾವಧಿಯನ್ನಾಗಿ ಮಾಡಿತು. ಗಲ್ಲು ಮತ್ತು ಹದಿನಾಲ್ಕು ವರ್ಷ, ಈ ಎರಡೇ ಇದ್ದಿದ್ದರೆ ಇಂಥ ತೀರ್ಪು ಕಷ್ಟವಾಗುತ್ತಿತ್ತು.

ಒಂದೇ ಅಳತೆಗೋಲು ಇದೆಯೇ?

ಇಷ್ಟಾದರೂ ಮೊದಲ ಪ್ರಶ್ನೆ ಹಾಗೇ ಉಳಿದಿದೆ. ಯಾರಿಗೆ ಕ್ಷಮೆ, ಯಾರಿಗೆ ಇಲ್ಲ?

ರಾಜೀವ್ ಹತ್ಯೆಯಲ್ಲಿ ಶಿಕ್ಷೆಗೊಳಗಾಗಿದ್ದ ಪೇರರಿವಾಳನ್‌ನನ್ನು 2022ರ ಮೇ 18ರಂದು, ಉಳಿದ ಆರು ಮಂದಿಯನ್ನು ಅದೇ ವರ್ಷ ನವೆಂಬರ್ 11ರಂದು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಸಚಿವ ಸಂಪುಟದ ಸಲಹೆಯ ಮೇಲೆ ರಾಜ್ಯಪಾಲರು ವರ್ಷಗಟ್ಟಲೆ ಏನನ್ನೂ ತೀರ್ಮಾನಿಸದೆ ಕುಳಿತದ್ದು ಇದರ ಹಿನ್ನೆಲೆ. 30 ವರ್ಷಕ್ಕಿಂತ ಹೆಚ್ಚು ಕಾಲ ಜೈಲಿನಲ್ಲಿದ್ದವರ ಬಿಡುಗಡೆಗೆ ನಾವು ಅಡ್ಡಿ ಹೇಳುವವರಲ್ಲ. ಆದರೆ ಅವರ ಹಿಂದೆ ಒಂದು ರಾಜ್ಯದ ಜನಾಭಿಪ್ರಾಯ, ಪಕ್ಷಗಳು, ಸಚಿವ ಸಂಪುಟ ನಿಂತಿದ್ದವು ಎಂಬುದನ್ನು ಮರೆಯುವಂತಿಲ್ಲ.

ಅದೇ 2022ರ ಆಗಸ್ಟ್ 15ರಂದು ಇನ್ನೊಂದು ಬಿಡುಗಡೆಯಾಯಿತು. 2002ರ ಗುಜರಾತ್ ಗಲಭೆಯಲ್ಲಿ ಬಿಲ್ಕಿಸ್ ಬಾನು ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಸಿ, ಅವರ ಮೂರು ವರ್ಷದ ಮಗಳೂ ಸೇರಿದಂತೆ ಮನೆಯವರನ್ನು ಕೊಂದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ 11 ಮಂದಿಯನ್ನು ಗುಜರಾತ್ ಸರ್ಕಾರ ಬಿಟ್ಟಿತು. ಹೊರಬಂದವರಿಗೆ ಹಾರ, ಸಿಹಿ ಸಿಕ್ಕಿತು. ನ್ಯಾಯ ಸಿಗುವ ಭರವಸೆಯಿಲ್ಲ ಎಂಬ ಕಾರಣಕ್ಕೆ ಈ ಪ್ರಕರಣದ ವಿಚಾರಣೆಯನ್ನು ಸುಪ್ರೀಂ ಕೋರ್ಟ್ 2004ರಲ್ಲೇ ಮುಂಬಯಿಗೆ ಒಯ್ದಿತ್ತು. ಮುಂಬಯಿಯ ವಿಶೇಷ ನ್ಯಾಯಾಲಯದ ನ್ಯಾಯಾಧೀಶರು ಬಿಡುಗಡೆ ಬೇಡ ಎಂದೇ ಅಭಿಪ್ರಾಯ ಕೊಟ್ಟಿದ್ದರು. ಬಿಲ್ಕಿಸ್ ಮತ್ತೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 2024ರ ಜನವರಿ 8ರಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಬಿಡುಗಡೆಯನ್ನು ರದ್ದುಪಡಿಸಿತು. ಶಿಕ್ಷೆಯಾದದ್ದು ಮಹಾರಾಷ್ಟ್ರದಲ್ಲಿ, ಆದ್ದರಿಂದ ನಿರ್ಧರಿಸುವ ಅಧಿಕಾರ ಗುಜರಾತಿಗೆ ಇರಲೇ ಇಲ್ಲ ಎಂದಿತು. 11 ಮಂದಿ ಮತ್ತೆ ಜೈಲಿಗೆ ಹೋದರು. ಆ ತೀರ್ಪು ಬರೆದ ನಾಗರತ್ನ ಅವರು ಕರ್ನಾಟಕದವರು ಎಂಬುದು ನಮಗೆ ಸಮಾಧಾನದ ಸಂಗತಿ. ಆದರೆ ಮಗುವನ್ನು ಕಳೆದುಕೊಂಡ ತಾಯಿ ಕೊಲೆಗಾರರ ಬಿಡುಗಡೆಯನ್ನು ತಾನೇ ಮುಂದೆ ನಿಂತು ತಡೆಯಬೇಕಾದ ಸ್ಥಿತಿ ಸಮಾಧಾನದ್ದಲ್ಲ.

ಶ್ರದ್ಧಾನಂದನ ಹಿಂದೆ ಯಾವ ರಾಜ್ಯವೂ ಇರಲಿಲ್ಲ, ಯಾವ ಪಕ್ಷವೂ ಇರಲಿಲ್ಲ. ರಾಜೀವ್ ಹತ್ಯೆಯ ಅಪರಾಧಿಗಳನ್ನೇ ಬಿಟ್ಟಿದ್ದೀರಿ, ಒಂದು ದಿನದ ಪೆರೋಲ್ ಕೂಡ ಕಾಣದ ನನ್ನನ್ನು ಏಕೆ ಬಿಡುವುದಿಲ್ಲ ಎಂಬುದು ಎಂಬತ್ತು ದಾಟಿದ್ದ ಆತನ ಕಡೆಯ ವಾದವಾಗಿತ್ತು. 2024ರಲ್ಲಿ ಸುಪ್ರೀಂ ಕೋರ್ಟ್ ಆತನ ಬಿಡುಗಡೆಯ ಅರ್ಜಿಯನ್ನೂ, 2008ರ ತೀರ್ಪಿನ ಮರುಪರಿಶೀಲನೆಯ ಅರ್ಜಿಯನ್ನೂ ತಳ್ಳಿಹಾಕಿತು.

ಆತನ ಮೇಲೆ ನಮಗೆ ಕನಿಕರವಿದೆ ಎಂದು ಇದನ್ನು ಬರೆಯುತ್ತಿಲ್ಲ. ನಂಬಿದವಳನ್ನು ಹೂತು, ಅದರ ಮೇಲೆ ಕಲ್ಲು ಹಾಸಿ, ಮೂರು ವರ್ಷ ಅಲ್ಲೇ ಉಂಡು ಮಲಗಿದವನ ಅಪರಾಧ ಚಿಕ್ಕದಲ್ಲ. ಆದರೆ ಆತ ಕೇಳಿದ ಪ್ರಶ್ನೆ ಆತನಿಗಿಂತ ದೊಡ್ಡದು. ಜೀವಾವಧಿ ಎಂದರೆ ಜೀವ ಇರುವವರೆಗೆ ಎಂಬ ಅರ್ಥ ಹಿಂದೆ ಯಾರೂ ಇಲ್ಲದವನಿಗೆ ಮಾತ್ರ ಪೂರ್ತಿಯಾಗಿ ಅನ್ವಯವಾದರೆ, ಅದನ್ನು ಕಾನೂನಿನ ಸಮಾನತೆ ಎನ್ನಲಾಗುವುದೇ? ನಮ್ಮ ಜೈಲುಗಳಲ್ಲಿ ಹೆಸರಿಲ್ಲದ, ವಕೀಲರನ್ನು ಇಟ್ಟುಕೊಳ್ಳಲಾರದ ಎಷ್ಟೋ ಜೀವಾವಧಿ ಕೈದಿಗಳಿದ್ದಾರೆ. ಅವರ ಕಡತಗಳು ಮೇಜಿನಿಂದ ಮೇಜಿಗೆ ಹೋಗುವುದೇ ಇಲ್ಲ.

ಕ್ಷಮೆ ಬೇಡ ಎನ್ನುವುದು ಇದಕ್ಕೆ ಪರಿಹಾರವಲ್ಲ. ತಿದ್ದಿಕೊಂಡವನಿಗೆ ಎಂದಾದರೂ ಬಾಗಿಲು ತೆರೆದೀತು ಎಂಬ ಆಸೆ ಇರಬೇಕು. ಆಸೆಯೇ ಇಲ್ಲದ ಮನುಷ್ಯನನ್ನು ಜೈಲು ತಿದ್ದಲಾರದು. ಆದರೆ ಆ ಬಾಗಿಲನ್ನು ತೆರೆಯುವ ಕೈ ಎಲ್ಲರಿಗೂ ಒಂದೇ ಲೆಕ್ಕದಲ್ಲಿ ತೆರೆಯಬೇಕು. ಶಿಕ್ಷೆ ವಿಧಿಸಿದ ನ್ಯಾಯಾಧೀಶರ ಅಭಿಪ್ರಾಯ ಕೇಳಬೇಕು ಎಂದು ಕಾನೂನು ಹೇಳುತ್ತದೆ, ಕೇಳಿದ ಮೇಲೆ ಅದಕ್ಕೆ ಬೆಲೆ ಕೊಡಬೇಕು. ಬಿಡುಗಡೆಗೂ ನಿರಾಕರಣೆಗೂ ಕಾರಣ ಬರೆದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಸತ್ತವರ ಮನೆಯವರಿಗೆ ವಿಷಯ ತಿಳಿಸಿ, ಅವರ ಮಾತನ್ನು ಕೇಳಬೇಕು. ಹಳೆಯ ಕಾನೂನಿನಂತೆ ಕ್ಷಮೆಯ ಹಕ್ಕನ್ನು ಪೂರ್ತಿಯಾಗಿ ಅವರ ಕೈಗೆ ಕೊಡಬೇಕೆಂದು ನಾವು ಹೇಳುವುದಿಲ್ಲ. ಬೆದರಿಕೆ ಮತ್ತು ಹಣದ ಭಯ ಅಂದಿಗಿಂತ ಇಂದು ಕಡಿಮೆಯಾಗಿಲ್ಲ. ಆದರೆ ಕಳೆದುಕೊಂಡವರನ್ನು ಒಂದು ಮಾತೂ ಕೇಳದೆ ಸರ್ಕಾರವೊಂದು ತನ್ನ ಅನುಕೂಲಕ್ಕೆ ಕ್ಷಮಿಸುವುದು ಕ್ಷಮೆಯೂ ಅಲ್ಲ, ನ್ಯಾಯವೂ ಅಲ್ಲ.

2023ರಲ್ಲಿ ಶಾಕೆರೆ ಪ್ರಕರಣದ ಬಗ್ಗೆ ಒಂದು ಸಾಕ್ಷ್ಯಚಿತ್ರ ಸರಣಿ ಬಂದು ದೇಶದಲ್ಲೆಲ್ಲ ಜನ ನೋಡಿದರು. ಜೈಲಿನಲ್ಲಿದ್ದ ಅಪರಾಧಿಯ ಮಾತುಗಳೂ ಅದರಲ್ಲಿದ್ದವು. ಕೊಲೆಯ ಕಥೆಗಳಿಗೆ ಈಗ ದೊಡ್ಡ ಮಾರುಕಟ್ಟೆಯಿದೆ. ಪೆಟ್ಟಿಗೆ, ಹಿತ್ತಿಲು, ಕಾವಿ, ಆಸ್ತಿ, ಎಲ್ಲವೂ ಜನರ ಬಾಯಲ್ಲಿ ಉಳಿಯುತ್ತವೆ. ನಮಗೆ ಈ ಪ್ರಕರಣದಲ್ಲಿ ನೆನಪಿನಲ್ಲಿ ಉಳಿಯಬೇಕಾದವಳು ಆ ಮಗಳು ಎನಿಸುತ್ತದೆ. ತಾಯಿಯ ಮದುವೆಯನ್ನು ಊರೆಲ್ಲ ಆಡಿಕೊಳ್ಳುತ್ತಿದ್ದಾಗ ಆಕೆ ತಾಯಿಗೆ ಫೋನು ಮಾಡುವುದನ್ನು ಬಿಡಲಿಲ್ಲ. ಉತ್ತರ ಬಾರದಾದಾಗ ಹುಡುಕುವುದನ್ನೂ ಬಿಡಲಿಲ್ಲ. ಆಕೆ ಠಾಣೆಗೆ ಹೋಗದಿದ್ದರೆ ಸೆಷನ್ಸ್ ನ್ಯಾಯಾಲಯವೂ ಇಲ್ಲ, ಸುಪ್ರೀಂ ಕೋರ್ಟೂ ಇಲ್ಲ, ಜೀವಾವಧಿಯ ಅರ್ಥದ ಚರ್ಚೆಯೂ ಇಲ್ಲ. ಹಿತ್ತಿಲ ಕಲ್ಲು ಹಾಗೆಯೇ ಇರುತ್ತಿತ್ತು.